ಮಕ್ಕಳ ಮರುಕಳಿಸುವ ಹೊಟ್ಟೆನೋವು ಮತ್ತು ಕುಟುಂಬದ ಆತಂಕ

ಮಕ್ಕಳಲ್ಲಿ ತಿಂಗಳುಗಟ್ಟಲೆ ಬಂದುಹೋಗುತ್ತಿದ್ದು, ತಕ್ಕ ತಪಾಸಣೆ ನಡೆಸಿದ ಮೇಲೂ ಸೋಂಕು, ಹುಣ್ಣು, ಉರಿಯೂತ ಮೊದಲಾದ ಯಾವ ಅಂಗದೋಷವೂ ಪೂರ್ತಿ ಕಾರಣವೆಂದು ತೋರದ ಹೊಟ್ಟೆನೋವನ್ನು ವೈದ್ಯಶಾಸ್ತ್ರದಲ್ಲಿ ಕಾರ್ಯಾತ್ಮಕ ಹೊಟ್ಟೆನೋವು ಎನ್ನುತ್ತಾರೆ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಇದು ಬಹಳ ಸಾಮಾನ್ಯ. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ಶೇ. 13.5ರಷ್ಟು ಮಕ್ಕಳಿಗೆ ಈ ತೊಂದರೆ ಇದೆ. ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಮಗುವಿನ ಸ್ವಂತ ಆತಂಕಕ್ಕೂ ಮನೆಯವರ ಆತಂಕಕ್ಕೂ ಈ ನೋವಿನೊಂದಿಗೆ ನಂಟಿರುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಈ ನಂಟು ಎರಡೂ ಕಡೆಗೆ ಹರಿಯುತ್ತದೆ. ಹೆತ್ತವರ ಕಳವಳ ಮಗುವಿನ ನೋವನ್ನು ಹೆಚ್ಚಿಸಬಲ್ಲದು. ವಾರವಾರವೂ ಹೊಟ್ಟೆ ಹಿಡಿದುಕೊಂಡು ಕೂರುವ ಮಗುವನ್ನು ನೋಡುತ್ತ ಹೆತ್ತವರ ಕಳವಳವೂ ಬೆಳೆಯುತ್ತದೆ.

ಪಾರಿಭಾಷಿಕ ಪದಗಳು

ಅಂಗದಲ್ಲೇ ಕಾಣುವ ದೋಷದಿಂದ ಬರುವ ನೋವು ಅಂಗಜನ್ಯ. ಅಂಗದ ರಚನೆ ಸರಿಯಾಗಿದ್ದು, ಅದು ಕೆಲಸ ಮಾಡುವ ರೀತಿಯಲ್ಲೋ ಅದರ ಸಂವೇದನೆಯನ್ನು ಮಿದುಳು ಗ್ರಹಿಸುವ ರೀತಿಯಲ್ಲೋ ಏರುಪೇರಾಗಿ ಬರುವ ನೋವು ಕಾರ್ಯಾತ್ಮಕ. ‘ಮರುಕಳಿಸುವ ಹೊಟ್ಟೆನೋವು’ ಎಂಬುದು ಲಕ್ಷಣದ ವರ್ಣನೆಯೇ ಹೊರತು ರೋಗದ ಹೆಸರಲ್ಲ. ಅಂಗಜನ್ಯ ನೋವೂ ಮರುಕಳಿಸಬಹುದು. ಇಂಥ ತೊಂದರೆಗಳನ್ನು ವರ್ಗೀಕರಿಸುವ ತಜ್ಞರ ಸಂಸ್ಥೆಯಾದ ರೋಮ್ ಫೌಂಡೇಶನ್ 2016ರಲ್ಲಿ ಹೊರತಂದ ನಾಲ್ಕನೆಯ ಮಾನದಂಡಗಳಲ್ಲಿ ಈ ಇಡೀ ವರ್ಗಕ್ಕೆ ‘ಕರುಳು–ಮಿದುಳಿನ ಪರಸ್ಪರ ಕ್ರಿಯೆಯ ತೊಂದರೆಗಳು’ ಎಂಬ ಹೆಸರು ಬಂತು.

ಕಾರ್ಯಾತ್ಮಕ ಎಂದರೆ ಕಾಲ್ಪನಿಕ ಎಂದಾಗಲಿ, ನಟನೆ ಎಂದಾಗಲಿ ಅಲ್ಲ. ಮಗುವಿಗೆ ಆಗುವ ನೋವು ನಿಜವಾದದ್ದು. ‘ಸುಮ್ಮನೆ ನೆಪ ಹೇಳುತ್ತಾನೆ’ ಎಂಬ ಮನೆಮಾತಿಗೂ ‘ಏನೋ ದೊಡ್ಡ ಕಾಯಿಲೆಯೇ ಇರಬೇಕು’ ಎಂಬ ಭಯಕ್ಕೂ ವೈದ್ಯಕೀಯ ಆಧಾರ ಸಮನಾಗಿ ಕಡಿಮೆ. ಈ ಲೇಖನದಲ್ಲಿ ‘ಆತಂಕ’ ಎಂದರೆ ದಿನನಿತ್ಯದ ಕಳವಳದಿಂದ ಹಿಡಿದು ಚಿಕಿತ್ಸೆ ಬೇಕಾಗುವ ಹಂತದವರೆಗಿನ ಸ್ಥಿತಿ. ಚಿಕಿತ್ಸೆ ಬೇಕಾಗುವಂಥದನ್ನು ‘ಆತಂಕದ ಕಾಯಿಲೆ’ ಎಂದು ಬೇರೆಯಾಗಿ ಹೇಳಲಾಗಿದೆ.

ಅಧ್ಯಯನದ ಇತಿಹಾಸ

ಇಂಗ್ಲೆಂಡಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1909ರಲ್ಲಿ ಬರೆದ ಪಠ್ಯಪುಸ್ತಕದಲ್ಲೇ, ಕಾರಣ ಹಿಡಿಯಲು ಕಷ್ಟವಾದ ಲಕ್ಷಣಗಳ ಸಾಲಿನಲ್ಲಿ ಮಕ್ಕಳ ಹೊಟ್ಟೆನುಲಿತವನ್ನು ಇಟ್ಟಿದ್ದ. ವ್ಯವಸ್ಥಿತ ಅಧ್ಯಯನ ನಡೆದದ್ದು ಅರ್ಧ ಶತಮಾನದ ನಂತರ, ಬ್ರಿಸ್ಟಲ್ ನಗರದಲ್ಲಿ. ಅಲ್ಲಿನ ವೈದ್ಯ ಜಾನ್ ಆಪ್ಲಿ ಮತ್ತು ಸಹೋದ್ಯೋಗಿ ನೋರಾ ನೇಯಿಷ್ 1,000 ಶಾಲಾಮಕ್ಕಳನ್ನು ಪರಿಶೀಲಿಸಿ 1958ರಲ್ಲಿ ವರದಿ ಪ್ರಕಟಿಸಿದರು. ಕನಿಷ್ಠ ಮೂರು ತಿಂಗಳ ಅವಧಿಯಲ್ಲಿ ಮೂರು ಸಲವಾದರೂ, ಆಟಪಾಠಕ್ಕೆ ಅಡ್ಡಿಯಾಗುವಷ್ಟು ನೋವು ಬಂದಿರಬೇಕು ಎಂಬ ಅವರ ಲಕ್ಷಣವಾಕ್ಯವೇ ನಾಲ್ಕು ದಶಕ ಕಾಲ ಎಲ್ಲೆಡೆ ಬಳಕೆಯಲ್ಲಿತ್ತು. ಆ ಮಕ್ಕಳಲ್ಲಿ ಶೇ. 10.8ರಷ್ಟು ಮಂದಿಗೆ ಇಂಥ ನೋವಿತ್ತು. ಅಂಥ ಮಕ್ಕಳ ತಂದೆತಾಯಿ, ಒಡಹುಟ್ಟಿದವರಲ್ಲೂ ಹೊಟ್ಟೆನೋವು, ತಲೆನೋವುಗಳ ದೂರು ಉಳಿದವರಿಗಿಂತ ಬಹಳ ಹೆಚ್ಚಾಗಿತ್ತು. ನೋವು ಕುಟುಂಬದಲ್ಲಿ ಸಾಗಿಬರುತ್ತದೆ ಎಂಬ ಮಾತಿಗೆ ಮೊದಲ ಅಂಕಿಸಂಖ್ಯೆ ಸಿಕ್ಕಿದ್ದು ಅಲ್ಲಿ.

ಆಪ್ಲಿಯ ಹೆಸರಿನಲ್ಲಿ ಇಂದಿಗೂ ಒಂದು ಸೂತ್ರ ಉಳಿದಿದೆ: ನೋವು ಹೊಕ್ಕುಳಿನಿಂದ ದೂರವಾದಷ್ಟೂ ಅಂಗಜನ್ಯ ಕಾರಣದ ಸಾಧ್ಯತೆ ಹೆಚ್ಚು. ಎಲ್ಲಿ ನೋವು ಎಂದು ಕೇಳಿದರೆ ಕಾರ್ಯಾತ್ಮಕ ನೋವಿನ ಮಗು ಸಾಮಾನ್ಯವಾಗಿ ಅಂಗೈಯನ್ನು ಹೊಕ್ಕುಳ ಸುತ್ತ ಆಡಿಸುತ್ತದೆ. ಬೆರಳಿನಿಂದ ಒಂದೇ ಜಾಗವನ್ನು, ಅದರಲ್ಲೂ ಬಲಬದಿಯನ್ನು, ತೋರಿಸುವ ಮಗುವನ್ನು ವೈದ್ಯರು ಹೆಚ್ಚು ಎಚ್ಚರದಿಂದ ನೋಡುತ್ತಾರೆ. ಸೂತ್ರಕ್ಕೆ ಅಪವಾದಗಳಿಲ್ಲದಿಲ್ಲ. ಅಪೆಂಡಿಕ್ಸ್ ಉರಿಯೂತದ ನೋವು ಶುರುವಾಗುವುದೇ ಹೊಕ್ಕುಳ ಸುತ್ತ.

ಮುಂದಿನ ದೊಡ್ಡ ಸಾಕ್ಷ್ಯ ಸಿಕ್ಕಿದ್ದೂ ಬ್ರಿಸ್ಟಲ್ ಪ್ರದೇಶದಲ್ಲೇ. 1991–92ರಲ್ಲಿ ಹೆರಿಗೆಯ ನಿರೀಕ್ಷೆಯಲ್ಲಿದ್ದ 14,000ಕ್ಕೂ ಹೆಚ್ಚು ಗರ್ಭಿಣಿಯರನ್ನು ಸೇರಿಸಿಕೊಂಡು ಆರಂಭವಾದ ಏವನ್ ದೀರ್ಘಾವಧಿ ಅಧ್ಯಯನ, ಹುಟ್ಟಿದ ಮಕ್ಕಳನ್ನು ವರ್ಷವರ್ಷವೂ ಹಿಂಬಾಲಿಸಿತು. ಅದರ 8,000ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಪಾಲ್ ರಾಮ್‌ಚಂದಾನಿ ಮತ್ತು ಸಂಗಡಿಗರು ವಿಶ್ಲೇಷಿಸಿ 2006ರಲ್ಲಿ ಪ್ರಕಟಿಸಿದರು. ಮಗುವಿನ ಮೊದಲ ವರ್ಷದಲ್ಲಿ ತಾಯಿಗೆ ಆತಂಕ ಹೆಚ್ಚಾಗಿದ್ದರೆ, ಆ ಮಗುವಿಗೆ ಆರೇಳು ವರ್ಷವಾಗುವಾಗ ಮರುಕಳಿಸುವ ಹೊಟ್ಟೆನೋವು ಇರುವ ಸಂಭವ ಸುಮಾರು ಒಂದೂವರೆ ಪಟ್ಟು ಇತ್ತು. ತಂದೆಯ ಆತಂಕಕ್ಕೂ ಇಂಥದೇ ನಂಟು ಕಂಡಿತು, ಪ್ರಮಾಣ ಸ್ವಲ್ಪ ಕಡಿಮೆ. ಹಾಲೂಟ, ನಿದ್ರೆಗಳಲ್ಲಿ ಕ್ರಮ ತಪ್ಪುವ ಸ್ವಭಾವದ ಶಿಶುಗಳಿಗೂ ಸಂಭವ ಹೆಚ್ಚಿತ್ತು. ನೋವು ಶುರುವಾಗುವ ವರ್ಷಗಳ ಮೊದಲೇ ಆತಂಕವನ್ನು ಅಳೆದಿಟ್ಟದ್ದು ಈ ಅಧ್ಯಯನದ ಹೆಚ್ಚುಗಾರಿಕೆ. ಮಗು ನರಳುವುದನ್ನು ಕಂಡೇ ತಾಯಿ ಆತಂಕಗೊಂಡಿರಬೇಕು ಎಂಬ ವಿವರಣೆಯೊಂದೇ ಇಲ್ಲಿ ಸಾಲುವುದಿಲ್ಲ. ಆದರೂ ಒಂದೂವರೆ ಪಟ್ಟು ಎಂಬುದು ದೊಡ್ಡ ಅಂತರವಲ್ಲ. ಆತಂಕದ ಸ್ವಭಾವದ ತಂದೆತಾಯಿಯ ಹೆಚ್ಚಿನ ಮಕ್ಕಳು ಹೊಟ್ಟೆನೋವಿಲ್ಲದೆಯೇ ಬೆಳೆಯುತ್ತಾರೆ.

ನೋವು ಹುಟ್ಟುವ ಬಗೆ

ಅನ್ನನಾಳದಿಂದ ಗುದದವರೆಗೆ ಜೀರ್ಣನಾಳದ ಗೋಡೆಯಲ್ಲಿ ಕೋಟ್ಯಂತರ ನರಕೋಶಗಳ ಜಾಲವೊಂದಿದೆ. ಇದಕ್ಕೆ ಕರುಳಿನ ನರಮಂಡಲ ಎಂದು ಹೆಸರು. ದೇಹದ ಸೆರೊಟೋನಿನ್ ಎಂಬ ರಾಸಾಯನಿಕದ ಸುಮಾರು ಶೇ. 90 ಭಾಗ ಇರುವುದು ಕರುಳಿನಲ್ಲಿ. ಈ ಜಾಲಕ್ಕೂ ಮಿದುಳಿಗೂ ನಡುವೆ ವೇಗಸ್ ನರದ ಮೂಲಕ, ಬೆನ್ನುಹುರಿಯ ಮೂಲಕ, ಹಾರ್ಮೋನುಗಳ ಮೂಲಕ ಸದಾ ಸಂದೇಶಗಳು ಓಡಾಡುತ್ತಿರುತ್ತವೆ. ಭಯವಾದಾಗ ಮಿದುಳಿನ ಹೈಪೊಥಲಾಮಸ್ ಬಿಡುಗಡೆ ಮಾಡುವ ಒತ್ತಡದ ಹಾರ್ಮೋನು ಜಠರ ಖಾಲಿಯಾಗುವುದನ್ನು ತಡಮಾಡಿ, ದೊಡ್ಡಕರುಳಿನ ಚಲನೆಯನ್ನು ಚುರುಕುಗೊಳಿಸುತ್ತದೆ. ಪರೀಕ್ಷೆಯ ದಿನ ಬೆಳಗ್ಗೆ ತಿಂಡಿ ಸೇರದಿರುವುದಕ್ಕೂ ಮತ್ತೆ ಮತ್ತೆ ಶೌಚಕ್ಕೆ ಹೋಗಬೇಕೆನಿಸುವುದಕ್ಕೂ ಕಾರಣ ಇದೇ.

ಕಾರ್ಯಾತ್ಮಕ ನೋವಿನ ಮಕ್ಕಳಲ್ಲಿ ಇದರ ಜೊತೆಗೆ ಒಳಾಂಗಗಳ ಅತಿಸಂವೇದನೆಯೂ ಕಂಡುಬರುತ್ತದೆ. ಗುದನಾಳದಲ್ಲೋ ಜಠರದಲ್ಲೋ ಸಣ್ಣ ಬಲೂನನ್ನು ನಿಧಾನವಾಗಿ ಉಬ್ಬಿಸುವ ಪರೀಕ್ಷೆಗಳಲ್ಲಿ, ಬೇರೆ ಮಕ್ಕಳಿಗೆ ಬರೀ ಒತ್ತಿದಂತಾಗುವ ಹಂತದಲ್ಲೇ ಇವರಲ್ಲಿ ಅನೇಕರಿಗೆ ನೋವಾಗುತ್ತದೆ. ಈ ಅತಿಸಂವೇದನೆ ಹುಟ್ಟಿಕೊಳ್ಳಲು ಕಾರಣಗಳು ಹಲವು: ಹಿಂದೆ ಆಗಿಹೋದ ಕರುಳಿನ ಸೋಂಕು, ಅನುವಂಶೀಯ ಗುಣ, ಎಳವೆಯ ಒತ್ತಡ. ಮರಿಯಿಲಿಗಳನ್ನು ದಿನವೂ ಕೆಲಹೊತ್ತು ತಾಯಿಯಿಂದ ಬೇರ್ಪಡಿಸಿದ ಪ್ರಯೋಗಗಳಲ್ಲಿ, ಅವು ಬೆಳೆದ ಮೇಲೆ ಅವುಗಳ ಕರುಳು ಹೆಚ್ಚು ನೋವು ಗ್ರಹಿಸುವುದು ದಾಖಲಾಗಿದೆ. ಇಲಿಯ ಫಲಿತಾಂಶವನ್ನು ಹಾಗೆಯೇ ಮಗುವಿಗೆ ಅನ್ವಯಿಸಲಾಗದು.

ಕುಟುಂಬದ ಆತಂಕ ಮಗುವನ್ನು ತಲುಪುವ ದಾರಿಗಳು

ಅನುವಂಶೀಯತೆ ಒಂದು ದಾರಿ. ಆತಂಕದ ಪ್ರವೃತ್ತಿಯೂ ಕರುಳಿನ ಅತಿಸಂವೇದನೆಯೂ ಒಂದಿಷ್ಟು ಮಟ್ಟಿಗೆ ರಕ್ತದಲ್ಲೇ ಬರುತ್ತವೆ. ಆದರೆ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋನಾ ಲೀವಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅವಳಿಗಳ ಅಧ್ಯಯನ ಇದಕ್ಕೆ ಮಿತಿ ಹಾಕಿತು. ಐಬಿಎಸ್ ಎಂದು ಬಳಕೆಯಲ್ಲಿರುವ ಕೆರಳು ಕರುಳಿನ ತೊಂದರೆ ತದ್ರೂಪಿ ಅವಳಿಗಳಿಬ್ಬರಲ್ಲೂ ಇರುವ ಪ್ರಮಾಣ ಶೇ. 17.2 ಇತ್ತು, ತದ್ರೂಪಿಗಳಲ್ಲದ ಅವಳಿಗಳಲ್ಲಿ ಶೇ. 8.4. ವಂಶವಾಹಿಗಳ ಪಾತ್ರ ಇದರಿಂದ ಸ್ಪಷ್ಟ. ಆದರೆ ಒಬ್ಬ ವ್ಯಕ್ತಿಗೆ ಐಬಿಎಸ್ ಇದೆಯೇ ಎಂದು ಊಹಿಸಲು ಆ ವ್ಯಕ್ತಿಯ ಅವಳಿ ಒಡಹುಟ್ಟಿಗೆ ಅದು ಇದೆಯೇ ಎಂಬುದಕ್ಕಿಂತ, ತಂದೆಗೋ ತಾಯಿಗೋ ಇದೆಯೇ ಎಂಬುದು ಹೆಚ್ಚು ಬಲವಾದ ಸುಳಿವಾಗಿತ್ತು. ಮನೆಯಲ್ಲಿ ನೋಡಿ ಕಲಿಯುವುದರ ಪಾಲೂ ದೊಡ್ಡದೆಂದು ಸಂಶೋಧಕರು ತೀರ್ಮಾನಿಸಿದರು.

ಎರಡನೆಯದು ಅನುಕರಣೆ. ಹೊಟ್ಟೆ ಸ್ವಲ್ಪ ಉಬ್ಬರಿಸಿದರೂ ಮಲಗಿಬಿಡುವ, ಊಟ ಬಿಡುವ, ಮಾತ್ರೆಗೆ ಕೈಹಾಕುವ ಹಿರಿಯರನ್ನು ನೋಡುತ್ತ ಬೆಳೆದ ಮಗು ಹೊಟ್ಟೆಯ ಪ್ರತಿಯೊಂದು ಗುಡುಗುಡುವನ್ನೂ ಅಪಾಯದ ಸೂಚನೆಯೆಂದು ಓದಿಕೊಳ್ಳುತ್ತದೆ.

ಮೂರನೆಯ ದಾರಿಯನ್ನೇ ಸಂಶೋಧಕರು ಹೆಚ್ಚು ಪರೀಕ್ಷಿಸಿದ್ದಾರೆ: ಮಗು ನೋವೆಂದಾಗ ಮನೆಯವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು. ಅಮೆರಿಕದ ನ್ಯಾಶ್‌ವಿಲ್‌ನಲ್ಲಿರುವ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಲಿನ್ ವಾಕರ್ ತಂಡ ಈ ನಡವಳಿಕೆಗಳನ್ನು ಮೂರಾಗಿ ವಿಂಗಡಿಸಿ ಪ್ರಶ್ನಾವಳಿ ರೂಪಿಸಿತು. ಶಾಲೆ ಬಿಡಿಸುವುದು, ಕೆಲಸ ತಪ್ಪಿಸುವುದು, ಪಕ್ಕದಲ್ಲೇ ಕೂತು ಉಪಚರಿಸುವುದು ರಕ್ಷಿಸುವ ಬಗೆ. ಗದರುವುದು, ಅಲ್ಲಗಳೆಯುವುದು ಕಡೆಗಣಿಸುವ ಬಗೆ. ಬೇರೆ ಚಟುವಟಿಕೆಗೆ ಹಚ್ಚುತ್ತ ಗಮನವಿಟ್ಟಿರುವುದು ಮೂರನೆಯದು.

ಇದೇ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದಲ್ಲಿ ಹೆಚ್ಚು ಚರ್ಚೆಯಾದದ್ದು. ಹೊಟ್ಟೆನೋವಿನ ಮಕ್ಕಳಿಗೂ ಆರೋಗ್ಯವಂತ ಮಕ್ಕಳಿಗೂ ಹೊಟ್ಟೆ ಪೂರ್ತಿ ತುಂಬಿತು ಅನ್ನಿಸುವವರೆಗೆ ನೀರು ಕುಡಿಸಲಾಯಿತು. ಇದರಿಂದ ಯಾರಿಗಾದರೂ ಹೊಟ್ಟೆ ಬಿಗಿದು ಸಂಕಟವಾಗುತ್ತದೆ. ನಂತರ ಮಗುವಿನ ಜೊತೆ ತಂದೆಯನ್ನೋ ತಾಯಿಯನ್ನೋ ಕೂರಿಸಿ ಮಾತುಕತೆಯನ್ನು ದಾಖಲಿಸಿಕೊಂಡರು. ಮಗು ಸಂಕಟವೆಂದಾಗ ಅನುಕಂಪ ತೋರಿ ಅದರ ಬಗ್ಗೆಯೇ ವಿಚಾರಿಸಬೇಕೆಂದು ಕೆಲವು ಹೆತ್ತವರಿಗೆ ಹೇಳಿಕೊಡಲಾಗಿತ್ತು. ಮಾತನ್ನು ಬೇರೆಡೆಗೆ ಹೊರಳಿಸಬೇಕೆಂದು ಇನ್ನು ಕೆಲವರಿಗೆ. ಉಳಿದವರಿಗೆ ಯಾವ ಸೂಚನೆಯೂ ಇರಲಿಲ್ಲ. ಸೂಚನೆಯಿಲ್ಲದ ಗುಂಪಿಗೆ ಹೋಲಿಸಿದರೆ, ಗಮನ ಕೊಟ್ಟ ಗುಂಪಿನ ಮಕ್ಕಳ ದೂರು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಮಾತು ಹೊರಳಿಸಿದ ಗುಂಪಿನಲ್ಲಿ ಅರ್ಧಕ್ಕಿಳಿಯಿತು. ಹೊಟ್ಟೆನೋವಿನ ಮಕ್ಕಳ ಹೆತ್ತವರು, ಮಾತು ಹೊರಳಿಸಿದರೆ ಮಗುವಿನ ಮೇಲೆ ಕೆಟ್ಟ ಪರಿಣಾಮವಾದೀತೆಂದು ಭಾವಿಸಿದ್ದರು. ಮಕ್ಕಳು ಮಾತ್ರ, ಹಾಗೆ ಮಾಡಿದ್ದರಿಂದ ತಮಗೆ ಹಾಯೆನಿಸಿತು ಎಂದೇ ಹೇಳಿದರು.

ಅನುಕಂಪವೇ ತಪ್ಪೆಂದು ಈ ಪ್ರಯೋಗ ಹೇಳುವುದಿಲ್ಲ. ಅದು ಅಳೆದದ್ದು ಕೆಲವೇ ನಿಮಿಷಗಳ ದೂರನ್ನು. ಬಾಸ್ಟನ್ನಿನಲ್ಲಿ ನಡೆದ 2008ರ ಅಧ್ಯಯನವೊಂದರಲ್ಲಿ, ರಕ್ಷಿಸುವ ನಡವಳಿಕೆಗೂ ಹೆಚ್ಚಿದ ತೊಂದರೆಗೂ ನಂಟು ಗಟ್ಟಿಯಾಗಿ ಕಂಡದ್ದು ಮೊದಲೇ ಆತಂಕ, ಖಿನ್ನತೆಗಳಿದ್ದ ಮಕ್ಕಳಲ್ಲಿ. ಒಂದೇ ಬಗೆಯ ಮುದ್ದು ಎಲ್ಲ ಮಕ್ಕಳ ಮೇಲೂ ಒಂದೇ ಪರಿಣಾಮ ಬೀರುವುದಿಲ್ಲ.

ಮಗುವಿನ ಸ್ವಂತ ಆತಂಕವೂ ಈ ಸರಪಳಿಯಲ್ಲಿದೆ. ಪಿಟ್ಸ್‌ಬರ್ಗಿನ ಜಾನ್ ಕ್ಯಾಂಪೊ ಮತ್ತು ಸಂಗಡಿಗರು 2004ರಲ್ಲಿ ವರದಿ ಮಾಡಿದ 42 ಹೊಟ್ಟೆನೋವಿನ ಮಕ್ಕಳಲ್ಲಿ ಶೇ. 79 ಮಂದಿಗೆ ಆತಂಕದ ಕಾಯಿಲೆ, ಶೇ. 43 ಮಂದಿಗೆ ಖಿನ್ನತೆಯ ಕಾಯಿಲೆ ಇತ್ತು. ಗುಂಪು ಚಿಕ್ಕದು, ಆದ್ದರಿಂದ ಈ ಪ್ರಮಾಣವನ್ನು ಎಲ್ಲ ಮಕ್ಕಳಿಗೂ ಹಿಗ್ಗಿಸುವಂತಿಲ್ಲ.

ವಿಧಗಳು

ರೋಮ್ ನಾಲ್ಕನೆಯ ಮಾನದಂಡಗಳು ಮಕ್ಕಳ ಕಾರ್ಯಾತ್ಮಕ ಹೊಟ್ಟೆನೋವನ್ನು ನಾಲ್ಕಾಗಿ ವಿಂಗಡಿಸುತ್ತವೆ. ಹೊಟ್ಟೆಯ ಮೇಲ್ಭಾಗದ ನೋವು, ಉರಿ, ಸ್ವಲ್ಪ ಉಂಡೊಡನೆ ಹೊಟ್ಟೆ ತುಂಬಿದಂತಾಗುವುದು ಕಾರ್ಯಾತ್ಮಕ ಅಜೀರ್ಣ. ಮಲವಿಸರ್ಜನೆಯೊಂದಿಗೆ ಏರಿಳಿಯುವ ಅಥವಾ ಮಲದ ಹದ, ಸಂಖ್ಯೆಗಳ ಬದಲಾವಣೆಯ ಜೊತೆ ಬರುವ ನೋವು ಐಬಿಎಸ್. ಒಂದು ಗಂಟೆಗೂ ಮೀರಿ ಹೊಕ್ಕುಳ ಸುತ್ತ ತೀವ್ರವಾಗಿ ಕಾಡಿ, ವಾಕರಿಕೆ, ಮುಖ ಬಿಳಿಚಿಕೊಳ್ಳುವುದು, ಬೆಳಕು ಸಹಿಸಲಾಗದಿರುವುದು ಮುಂತಾದ ಲಕ್ಷಣಗಳೊಂದಿಗೆ ಬಂದು, ನಡುವೆ ವಾರಗಟ್ಟಲೆ ಮಗು ಪೂರ್ತಿ ಆರಾಮವಾಗಿದ್ದರೆ ಅದು ಹೊಟ್ಟೆಯ ಮೈಗ್ರೇನ್. ಈ ಮೂರಕ್ಕೂ ಹೊಂದದ್ದು ನಿರ್ದಿಷ್ಟವಲ್ಲದ ಕಾರ್ಯಾತ್ಮಕ ಹೊಟ್ಟೆನೋವು. ಇದನ್ನು ಹೆಸರಿಸಲು ತಿಂಗಳಿಗೆ ನಾಲ್ಕು ಸಲದಂತೆ ಕನಿಷ್ಠ ಎರಡು ತಿಂಗಳು ನೋವು ಬಂದಿರಬೇಕು.

ರೋಗನಿರ್ಣಯ

ಮನೆಯಲ್ಲಿ ಆತಂಕವಿದೆ ಎಂದಮಾತ್ರಕ್ಕೆ ನೋವು ಕಾರ್ಯಾತ್ಮಕವೆಂದು ತೀರ್ಮಾನಿಸುವಂತಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2005ರ ವರದಿಯಲ್ಲಿ ಇದನ್ನು ಸ್ಪಷ್ಟಪಡಿಸಿದೆ: ಆತಂಕ, ಖಿನ್ನತೆ, ಇತ್ತೀಚಿನ ಕಹಿ ಘಟನೆಗಳು ಕಾರ್ಯಾತ್ಮಕ ನೋವನ್ನು ಅಂಗಜನ್ಯ ನೋವಿನಿಂದ ಬೇರ್ಪಡಿಸಲು ನೆರವಾಗುವುದಿಲ್ಲ. ಕರುಳಿನ ಹುಣ್ಣಿರುವ ಮಗುವಿಗೂ ಆತಂಕವಿರಬಹುದು.

ಬೇರ್ಪಡಿಸಲು ನೆರವಾಗುವುದು ಅಪಾಯದ ಲಕ್ಷಣಗಳು. ತೂಕ ಇಳಿಯುವುದು, ಎತ್ತರ ಬೆಳೆಯದಿರುವುದು, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ನೋವು, ನಿಲ್ಲದ ವಾಂತಿ ಅಥವಾ ಹಸಿರು ವಾಂತಿ, ಕಾರಣವಿಲ್ಲದ ಜ್ವರ, ಕೀಲುನೋವು, ಬಹುಕಾಲದ ಭೇದಿ, ಹೊಟ್ಟೆಯ ಬಲಬದಿಯಲ್ಲೇ ನಿಂತ ನೋವು, ಮನೆಯಲ್ಲಿ ಕರುಳಿನ ಉರಿಯೂತದ ಕಾಯಿಲೆಯೋ ಹೊಟ್ಟೆಹುಣ್ಣೋ ಇದ್ದ ಇತಿಹಾಸ – ಇವುಗಳಲ್ಲಿ ಯಾವುದಾದರೂ ಇದ್ದರೆ ಹೆಚ್ಚಿನ ಪರೀಕ್ಷೆ ಅಗತ್ಯ. ಯಾವುದೂ ಇಲ್ಲದೆ, ಮಗು ವಯಸ್ಸಿಗೆ ತಕ್ಕಂತೆ ಬೆಳೆಯುತ್ತಿದ್ದು, ವೈದ್ಯರು ಮುಟ್ಟಿ ನೋಡಿದಾಗ ಏನೂ ಸಿಗದಿದ್ದರೆ, ಪರೀಕ್ಷೆಗಳ ಸಾಲು ಬೆಳೆಸಿದಷ್ಟೂ ಲಾಭ ಕಡಿಮೆ.

ಭಾರತದಲ್ಲಿ ಈ ಮಾತಿಗೆ ಸ್ಕ್ಯಾನಿಂಗ್ ವರದಿ ಒಳ್ಳೆಯ ನಿದರ್ಶನ. ಹೊಟ್ಟೆಯ ಅಲ್ಟ್ರಾಸೌಂಡ್‌ನಲ್ಲಿ ಕರುಳಪೊರೆಯ ಲಿಂಫ್ ಗ್ರಂಥಿಗಳು ಸ್ವಲ್ಪ ದಪ್ಪಗಿವೆ ಎಂಬ ಸಾಲು ಬಂದುಬಿಟ್ಟರೆ ಮನೆಯವರಿಗೆ ಅಲ್ಲಿಂದ ನಿದ್ದೆಯಿಲ್ಲ. ಕ್ಷಯವಿರಬಹುದೇ ಎಂಬ ಪ್ರಶ್ನೆ ಏಳುತ್ತದೆ, ಮತ್ತೊಂದು ಸ್ಕ್ಯಾನ್, ಮತ್ತೊಬ್ಬ ವೈದ್ಯರು. ಇಂಥ ಸಣ್ಣ ಗ್ರಂಥಿಗಳು ಆರೋಗ್ಯವಂತ ಮಕ್ಕಳಲ್ಲೂ ಕಾಣುವುದು ಸಾಮಾನ್ಯ. ಧೈರ್ಯಕ್ಕೆಂದು ಮಾಡಿಸಿದ ಪರೀಕ್ಷೆಯೇ ಆತಂಕವನ್ನು ಹೆಚ್ಚಿಸಿಬಿಡುತ್ತದೆ.

ಹಾಗೆಂದು ಇಲ್ಲಿನ ಅಂಗಜನ್ಯ ಕಾರಣಗಳನ್ನು ಹಗುರವಾಗಿ ಕಾಣಲಾಗದು. ಮಲಬದ್ಧತೆ, ಜಂತುಹುಳು, ಜಿಯಾರ್ಡಿಯ ಸೋಂಕು, ಮೂತ್ರದ ಸೋಂಕು, ಹಾಲಿನ ಸಕ್ಕರೆ ಅರಗದಿರುವುದು, ಅಪರೂಪಕ್ಕೆ ಹೊಟ್ಟೆಯ ಕ್ಷಯ – ಇವನ್ನೆಲ್ಲ ಮೊದಲು ನೋಡಬೇಕಾಗುತ್ತದೆ. ಗೋಧಿಯೇ ಮುಖ್ಯ ಆಹಾರವಾದ ಉತ್ತರ ಭಾರತದಲ್ಲಿ, ಗೋಧಿಯ ಪ್ರೋಟೀನ್ ಒಗ್ಗದ ಸೀಲಿಯಾಕ್ ಕಾಯಿಲೆಯೂ ಈ ಪಟ್ಟಿಗೆ ಸೇರುತ್ತದೆ.

ಚಿಕಿತ್ಸೆ

ಔಷಧಿಗಳ ಪಾಲು ಸೀಮಿತ. ಅಮಿಟ್ರಿಪ್ಟಿಲಿನ್ ಎಂಬ ಖಿನ್ನತೆನಿವಾರಕವನ್ನು ಕಡಿಮೆ ಪ್ರಮಾಣದಲ್ಲಿ 90 ಮಕ್ಕಳಲ್ಲಿ ಪರೀಕ್ಷಿಸಿದ ಅಮೆರಿಕದ 2009ರ ಪ್ರಯೋಗದಲ್ಲಿ ಔಷಧಿ ಪಡೆದವರ ಗುಂಪಿನಲ್ಲೂ ಬರೀ ಹುಸಿಗುಳಿಗೆ ಪಡೆದವರ ಗುಂಪಿನಲ್ಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸುಧಾರಿಸಿದರು. ಎರಡರ ನಡುವೆ ಗಣನೀಯ ವ್ಯತ್ಯಾಸ ಇರಲಿಲ್ಲ.

ಹೆಚ್ಚಿನ ಫಲ ಕಂಡದ್ದು ಮಗುವನ್ನೂ ಮನೆಯವರನ್ನೂ ಒಟ್ಟಿಗೆ ಒಳಗೊಂಡ ಮನೋವೈಜ್ಞಾನಿಕ ಚಿಕಿತ್ಸೆಯಲ್ಲಿ. ಲೀವಿ ತಂಡ 200 ಮಕ್ಕಳನ್ನೂ ಅವರ ಹೆತ್ತವರನ್ನೂ ಒಳಗೊಂಡು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬರೀ ಮೂರು ಭೇಟಿಗಳಿದ್ದವು. ಮಗುವಿಗೆ ಮೈಮನ ಸಡಿಲಿಸುವ ಅಭ್ಯಾಸ, ನೋವಿನ ಬಗೆಗಿನ ಭಯವನ್ನು ತೂಗಿ ನೋಡುವ ಕ್ರಮ. ಹೆತ್ತವರಿಗೆ ನೋವಿಗೆ ಬಹುಮಾನ ಸಿಗದಂತೆ, ನೋವಿದ್ದರೂ ಆಟಪಾಠಕ್ಕೆ ಮರಳಿದ್ದಕ್ಕೆ ಮೆಚ್ಚುಗೆ ಸಿಗುವಂತೆ ನಡೆದುಕೊಳ್ಳುವ ಕ್ರಮ. ಬರೀ ಆಹಾರ, ಜೀರ್ಣಕ್ರಿಯೆಗಳ ತಿಳಿವಳಿಕೆ ಪಡೆದ ಗುಂಪಿಗಿಂತ ಇವರಲ್ಲಿ ನೋವು ಹೆಚ್ಚು ಇಳಿಯಿತು. 2017ರಲ್ಲಿ ಇದೇ ತಂಡ ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳನ್ನು ಬಿಟ್ಟು 316 ಹೆತ್ತವರನ್ನು ಮಾತ್ರ ಒಳಗೊಳ್ಳಲಾಗಿತ್ತು – ಕೆಲವರಿಗೆ ಎದುರಿಗೆ, ಕೆಲವರಿಗೆ ಫೋನಿನಲ್ಲಿ ತರಬೇತಿ ಸಿಕ್ಕಿತು. ಎರಡೂ ರೀತಿಯಲ್ಲಿ ಹೆತ್ತವರ ಅತಿಕಾಳಜಿಯೂ ನೋವಿನ ಬಗೆಗಿನ ಭೀತಿಯೂ ತಗ್ಗಿದವು. ನೋವಿನ ತೀವ್ರತೆಯಲ್ಲಿ ಒಟ್ಟಾರೆ ಅಂಥ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ.

ನೆದರ್ಲೆಂಡ್ಸ್‌ನಲ್ಲಿ 53 ಮಕ್ಕಳಿಗೆ ಸಂಮೋಹನ ಚಿಕಿತ್ಸೆ ಅಥವಾ ಸಾಮಾನ್ಯ ಚಿಕಿತ್ಸೆ ನೀಡಿದ 2007ರ ಪ್ರಯೋಗದಲ್ಲಿ, ಒಂದು ವರ್ಷದ ನಂತರ ಗುಣವಾಗಿದ್ದವರು ಕ್ರಮವಾಗಿ ಶೇ. 85 ಮತ್ತು ಶೇ. 25. ಇದರಲ್ಲಿ ಮಗುವನ್ನು ನಿದ್ದೆಗೆ ದೂಡುವುದೇನಿಲ್ಲ. ಕಣ್ಣುಮುಚ್ಚಿ ಹೊಟ್ಟೆ ಹಗುರವಾದಂತೆ ಕಲ್ಪಿಸಿಕೊಳ್ಳುವ ಮಾರ್ಗದರ್ಶಿತ ಅಭ್ಯಾಸವಿದು.

ಹೆಚ್ಚಿನ ಪದ್ಧತಿಗಳಲ್ಲಿ ಸಾಮಾನ್ಯವಾದ ಅಂಶ ಶಾಲೆಗೆ ಬೇಗ ಮರಳುವುದು. ಮನೆಯಲ್ಲಿ ಉಳಿದ ದಿನಗಳು ಹೆಚ್ಚಾದಂತೆ ಬಿಟ್ಟುಹೋದ ಪಾಠದ ಭಯ ಸೇರಿಕೊಂಡು ಮರುದಿನ ಬೆಳಗಿನ ನೋವು ಇನ್ನಷ್ಟು ಗಟ್ಟಿಯಾಗುತ್ತದೆ.

ಕರ್ನಾಟಕದಲ್ಲಿ

ಕನ್ನಡನಾಡಿನ ಮನೆಗಳಲ್ಲಿ ಮಗುವಿನ ಹೊಟ್ಟೆನೋವಿಗೆ ಮೊದಲ ವಿವರಣೆಗಳು ಪರಿಚಿತವೇ: ಜಂತು, ದೃಷ್ಟಿ, ಬಟ್ಟಿ ಬಿದ್ದದ್ದು (ಹೊಕ್ಕುಳ ಜಾಗ ತಪ್ಪಿತೆಂಬ ನಂಬಿಕೆ), ಹೊರಗಿನ ತಿಂಡಿ. ಓಂಕಾಳಿನ ನೀರು, ಹೊಕ್ಕುಳ ಸುತ್ತ ಇಂಗು, ಜೀರಿಗೆ ಕಷಾಯಗಳ ನಂತರವೇ ವೈದ್ಯರ ಸರದಿ. ಅಜ್ಜಿ ದೃಷ್ಟಿ ತೆಗೆದು ಮಗುವನ್ನು ಆಟಕ್ಕೆ ಕಳಿಸಿದರೆ ತೊಂದರೆಯಿಲ್ಲ. ಬಟ್ಟಿ ತೆಗೆಯುವುದಕ್ಕೆಂದು ಹೊಟ್ಟೆಯನ್ನು ಬಲವಾಗಿ ತಿಕ್ಕಿಸುವುದು ಮಾತ್ರ ಅಪೆಂಡಿಕ್ಸ್ ಉರಿಯೂತದಂಥ ಸ್ಥಿತಿಯಲ್ಲಿ ಅಪಾಯಕಾರಿ.

ಜಂತುಹುಳುವಿನ ಪ್ರಶ್ನೆಗೆ ಸಾರ್ವಜನಿಕ ಉತ್ತರವೊಂದಿದೆ. 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಮಾತ್ರೆ ಕೊಡಲಾಗುತ್ತದೆ. ಆತಂಕದ ಪ್ರಶ್ನೆಗೆ ಅಷ್ಟು ವ್ಯಾಪಕವಾದ ವ್ಯವಸ್ಥೆಯಿಲ್ಲ. ಬೆಂಗಳೂರಿನ ನಗರ, ಗ್ರಾಮೀಣ ಪ್ರದೇಶಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ತಜ್ಞರ ಸಮೀಕ್ಷೆಯಲ್ಲಿ, 16 ವರ್ಷದೊಳಗಿನ ಶೇ. 12.5 ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಇಂಥ ಮಕ್ಕಳಲ್ಲಿ ಕೆಲವರು ಮನೋವೈದ್ಯರಿಗಿಂತ ಮೊದಲು ಹೊಟ್ಟೆನೋವೆಂದು ಮಕ್ಕಳ ವೈದ್ಯರ ಬಳಿಗೇ ಬರುತ್ತಾರೆ.

ಮುಂದಿನ ಗತಿ ಮತ್ತು ಇಂದಿನ ಸ್ಥಿತಿ

ಹೆಚ್ಚಿನ ಮಕ್ಕಳ ನೋವು ವರ್ಷಗಳಲ್ಲಿ ತಾನಾಗಿ ಇಳಿಯುತ್ತದೆ. ಹಲವು ಅಧ್ಯಯನಗಳ 2008ರ ಅವಲೋಕನದಲ್ಲಿ, ಸರಾಸರಿ ಐದು ವರ್ಷಗಳ ನಂತರ ನೋವು ಮುಂದುವರಿದದ್ದು ಸುಮಾರು ಶೇ. 29 ಮಕ್ಕಳಲ್ಲಿ. ನೋವು ಹೋದರೂ ಆತಂಕ ಉಳಿಯಬಹುದು: ವಾಂಡರ್‌ಬಿಲ್ಟ್ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲ್ಯದಲ್ಲಿ ಕಾರ್ಯಾತ್ಮಕ ಹೊಟ್ಟೆನೋವಿದ್ದವರ ಪೈಕಿ ಶೇ. 51 ಮಂದಿಗೆ ಹರೆಯ ಮುಗಿಯುವ ಹೊತ್ತಿಗೆ ಒಮ್ಮೆಯಾದರೂ ಆತಂಕದ ಕಾಯಿಲೆ ಕಾಡಿತ್ತು, ಹೋಲಿಕೆಯ ಗುಂಪಿನಲ್ಲಿ ಶೇ. 20 ಮಂದಿಗೆ. ಆದ್ದರಿಂದ ಹೊಟ್ಟೆ ಸರಿಹೋಯಿತೆಂದು ಕಡತ ಮುಚ್ಚದೆ, ಮಗುವಿನ ಮನಸ್ಸಿನ ಸ್ಥಿತಿಯನ್ನೂ ನೋಡುತ್ತಿರಬೇಕೆಂದು ತಜ್ಞರು ಸೂಚಿಸುತ್ತಾರೆ.

ಆತಂಕದಿಂದ ಬಳಲುವ ಹೆತ್ತವರಿಗೂ ಹರೆಯದ ಮಕ್ಕಳಿಗೂ 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಉಸ್ತುವಾರಿಯ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ, ಕನ್ನಡದಲ್ಲೂ, ಉಚಿತವಾಗಿ ಸಮಾಲೋಚನೆ ಸಿಗುತ್ತದೆ.